ಹಾವಲ್ಲದ ಹಾವುಮೀನು: ಮೌದಾದಿಂದ ಮಹಾಸಾಗರಕ್ಕೆ



ಈ ಬಾರಿ ಮೀನಿನ ಮಾತು. ಸಸ್ಯಾಹಾರಿ ಮಿತ್ರರು ದಯವಿಟ್ಟು ಪುಟ ತಿರುಗಿಸಬೇಡಿ. ಇದರಲ್ಲಿ ಊಟದ ವಿಷಯ ಇದೆ ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಇದು ಒಂದು ಪ್ರಯಾಣದ ಕಥೆ. ಊರು ಬಿಟ್ಟು ಊರಿಗೆ ಬಂದು ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಪ್ರಯಾಣದ ಕಥೆ ಬೇಡವಾಗುವುದುಂಟೇ?

ನಾಗಪುರವನ್ನು ಭಾರತದ ನಟ್ಟನಡುವಿನ ಊರು ಎನ್ನುವುದು ವಾಡಿಕೆ. ಬ್ರಿಟಿಷರ ಕಾಲದ ಶೂನ್ಯ ಮೈಲಿಗಲ್ಲು ಇಂದಿಗೂ ಅಲ್ಲಿದೆ. ಆ ಊರಿನಿಂದ ಪೂರ್ವಕ್ಕೆ ಭಂಡಾರಾ ರಸ್ತೆಯಲ್ಲಿ ಹೊರಟರೆ ಸಿಗುವ ತಾಲ್ಲೂಕು ಕೇಂದ್ರ ಮೌದಾ. ಪಕ್ಕದಲ್ಲೇ ಕನ್ಹಾನ್ ನದಿ. ಎನ್‌ಟಿಪಿಸಿಯ 2320 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದಿಂದಾಗಿ ಈ ಊರಿನ ಹೆಸರು ನಿಮ್ಮಲ್ಲಿ ಕೆಲವರಿಗೆ ಪರಿಚಯವಿರಬಹುದು. ಇಲ್ಲಿಂದ ಪೂರ್ವದ ಸಮುದ್ರವೂ ದೂರ, ಪಶ್ಚಿಮದ ಸಮುದ್ರವೂ ದೂರ. ಉಪ್ಪುನೀರಿನ ಗಾಳಿ ಸೋಕದ ನೆಲ ಇದು.

ಆದರೂ ಈ ನದಿಜಾಲದ ಸಿಹಿನೀರಿನಲ್ಲಿ ಬದುಕುವ ಒಂದು ಮೀನಿನ ತವರು ಹಿಂದೂ ಮಹಾಸಾಗರದ ಆಳ. ಅದು ಹುಟ್ಟುವುದು ಅಲ್ಲಿ, ಬೆಳೆಯುವುದು ಇಲ್ಲಿ, ಕೊನೆಗೆ ಮರಿ ಮಾಡಿ ಸಾಯಲು ಮತ್ತೆ ಅಲ್ಲಿಗೇ ಹೋಗಬೇಕು. ಕನ್ನಡದಲ್ಲಿ ನಾವು ಅದನ್ನು ಹಾವುಮೀನು ಎನ್ನುತ್ತೇವೆ. ಮರಾಠಿಯವರು ಅಹೀರ್ ಎನ್ನುತ್ತಾರೆ, ಗೋದಾವರಿಯ ಕೆಳದಂಡೆಯ ತೆಲುಗರು ಮಲುಗು ಎನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಆಂಗ್ವಿಲ್ಲಾ ಬೆಂಗಾಲೆನ್ಸಿಸ್. ಬಂಗಾಳದ ಹೆಸರು ಅಂಟಿಕೊಂಡಿದ್ದರೂ ಇದು ಗಂಗೆಯ ಮೀನು ಮಾತ್ರವಲ್ಲ. ಗೋದಾವರಿ, ಕೃಷ್ಣಾ, ಕಾವೇರಿ ನದಿಗಳಲ್ಲೂ ಇದೆ.

ಒಂದೇ ಹೆಸರು, ಹಲವು ಮೀನು

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಕನ್ನಡ ಬಿ.ಎ. ಓದಿದವಳಿಗೆ ಹೆಸರುಗಳ ಚಿಂತೆ ಸ್ವಲ್ಪ ಹೆಚ್ಚೇ ಎಂದು ನಗಬೇಡಿ. ಇಲ್ಲಿ ಹೆಸರು ತಪ್ಪಿದರೆ ಕಥೆಯೇ ತಪ್ಪುತ್ತದೆ.

ಮುಂಬಯಿಯ ಮೀನು ಮಾರುಕಟ್ಟೆಯಲ್ಲಿ 'ವಾಮ್' ಕೇಳಿದರೆ ನಿಮಗೆ ಸಿಗುವುದು ಸಮುದ್ರದ ಮೀನು. ಬೆಳ್ಳಿಯ ಮೈ, ಉದ್ದನೆಯ ಮೂತಿ, ಬಾಯ್ತುಂಬ ಚೂಪು ಹಲ್ಲು. ಇದು ಹಾವುಮೀನಿನ ಬಳಗಕ್ಕೇ ಸೇರಿದ್ದು, ಆದರೆ ಸಮುದ್ರ ಬಿಟ್ಟು ನದಿ ಏರಿ ಬರುವಂಥದ್ದಲ್ಲ. ನಾಗಪುರ, ಭಂಡಾರಾ ಕಡೆ ಅದೇ 'ವಾಮ್' ಎಂಬ ಹೆಸರಿಗೆ ಸಿಗುವುದು ಬೇರೆಯೇ ಮೀನು. ಅದು ನದಿ ಕೆರೆಗಳಲ್ಲೇ ಹುಟ್ಟಿ ಅಲ್ಲೇ ಸಾಯುವ ಮುಳ್ಳುಬೆನ್ನಿನ ಮೀನು. ಅದರ ಬೆನ್ನು ನೇವರಿಸಿದರೆ ಗರಗಸದ ಹಲ್ಲಿನಂಥ ಸಣ್ಣ ಮುಳ್ಳುಗಳ ಸಾಲು ಕೈಗೆ ತಾಗುತ್ತದೆ. ಮೂತಿಯ ತುದಿ ಪುಟ್ಟ ಸೊಂಡಿಲಿನಂತೆ ಚೂಪಾಗಿರುತ್ತದೆ. ನಮ್ಮ ಮಲೆನಾಡಿನಲ್ಲೂ ಇದನ್ನು ಹಾವುಮೀನು ಎಂದೇ ಕರೆಯುವವರಿದ್ದಾರೆ. ಆಕಾರ ಹಾವಿನದೇ ಆದರೂ ವಂಶದ ಲೆಕ್ಕದಲ್ಲಿ ಇದು ನಿಜವಾದ ಹಾವುಮೀನು ಅಲ್ಲ.

ಇನ್ನು ಕೋಲ್ಕತ್ತಾ, ಗುವಾಹಾಟಿ ಕಡೆಯ ಕೇಳುಗರು ಕಂಡಿರುವ 'ಕೂಚಿಯಾ' ಕೆಸರಿನ ಮೀನು. ಅದಕ್ಕೆ ರೆಕ್ಕೆಗಳೇ ಇಲ್ಲ ಎನ್ನುವಷ್ಟು ಕಡಿಮೆ. ಅದೂ ಬೇರೆ ಬಳಗದ್ದು. ಟಿ.ವಿ.ಯಲ್ಲಿ ತೋರಿಸುವ, ಮುಟ್ಟಿದರೆ ಶಾಕ್ ಹೊಡೆಯುವ ದಕ್ಷಿಣ ಅಮೆರಿಕದ ಮೀನಂತೂ ಇವು ಯಾವುದಕ್ಕೂ ಹತ್ತಿರದ ನೆಂಟನಲ್ಲ. ನಮ್ಮ ಹಾವುಮೀನು ಶಾಕ್ ಕೊಡುವುದಿಲ್ಲ, ಭಯ ಬೇಡ.

ಹಾಗಾದರೆ ಅಸಲಿ ಅಹೀರ್ ಯಾವುದು? ಬೆನ್ನಿನ ಮೇಲೆ ಮುಳ್ಳಿಲ್ಲ. ತಲೆಯ ಹಿಂದೆ ಎರಡು ಪುಟ್ಟ ರೆಕ್ಕೆಗಳಿರುತ್ತವೆ. ಬೆನ್ನು, ಬಾಲ, ಹೊಟ್ಟೆ ಮೂರನ್ನೂ ಸುತ್ತಿ ಬರುವ ಒಂದೇ ಪಟ್ಟಿಯಂಥ ರೆಕ್ಕೆ ಇರುತ್ತದೆ, ಸೀರೆಯ ಅಂಚಿನ ಹಾಗೆ. ಕಂದು ಮೈಮೇಲೆ ಗಾಢ ಬಣ್ಣದ ಮಚ್ಚೆ. ಮೈಯೆಲ್ಲ ಲೋಳೆ, ಹಿಡಿದರೆ ಕೈಯಲ್ಲಿ ನಿಲ್ಲುವುದಿಲ್ಲ. ಚೆನ್ನಾಗಿ ಬೆಳೆದದ್ದು ಒಂದು ಮೀಟರ್ ದಾಟುತ್ತದೆ. ಹಗಲಲ್ಲಿ ಕಲ್ಲಿನ ಸಂದಿಯಲ್ಲಿ, ಬೇರಿನ ಬುಡದಲ್ಲಿ ಅಡಗಿದ್ದು ರಾತ್ರಿ ಬೇಟೆಗೆ ಹೊರಡುತ್ತದೆ. ಕಿವಿರಿನ ಜೊತೆಗೆ ಒದ್ದೆ ಚರ್ಮದಿಂದಲೂ ಉಸಿರಾಡಬಲ್ಲದು. ಮಳೆಗಾಲದ ರಾತ್ರಿ ಒದ್ದೆ ಹುಲ್ಲಿನ ಮೇಲೆ ಹರಿದು ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವುದೂ ಉಂಟು. ಅದನ್ನು ಕಂಡವರು ಹಾವೆಂದು ಕೋಲು ಹುಡುಕಿದರೆ ಆಶ್ಚರ್ಯವಿಲ್ಲ.

ಮೂಲ ಹುಡುಕಿದವರು

ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಆ ಪಟ್ಟಿಗೆ ಹಾವುಮೀನಿನ ಮೂಲವನ್ನೂ ಧಾರಾಳವಾಗಿ ಸೇರಿಸಬಹುದಿತ್ತು.

ಮೀನುಗಾರರು ಸಾವಿರಾರು ವರ್ಷ ಹಾವುಮೀನು ಹಿಡಿದು ಸೀಳಿದರೂ ಅದರ ಹೊಟ್ಟೆಯಲ್ಲಿ ಬಲಿತ ಮೊಟ್ಟೆಯನ್ನು ಕಂಡವರಿರಲಿಲ್ಲ. ಗ್ರೀಸಿನ ಅರಿಸ್ಟಾಟಲ್ ಅದು ಕೆಸರಿನಿಂದ ತಾನೇ ತಾನಾಗಿ ಹುಟ್ಟುತ್ತದೆಂದು ಬರೆದ. 1876ರಲ್ಲಿ ಇಪ್ಪತ್ತರ ಹರೆಯದ ಒಬ್ಬ ವಿದ್ಯಾರ್ಥಿ ಟ್ರಿಯೆಸ್ಟ್ ಬಂದರಿನಲ್ಲಿ ಕುಳಿತು ಸುಮಾರು 400 ಹಾವುಮೀನುಗಳನ್ನು ಕೊಯ್ದು ಗಂಡಿನ ಅಂಗಕ್ಕಾಗಿ ಹುಡುಕಿದ. ಖಚಿತ ಉತ್ತರ ಸಿಗಲಿಲ್ಲ. ಆ ವಿದ್ಯಾರ್ಥಿ ಮುಂದೆ ಮನುಷ್ಯರ ಮನಸ್ಸನ್ನು ಬಗೆದು ನೋಡಿ ಜಗತ್ಪ್ರಸಿದ್ಧನಾದ. ಅವನೇ ಸಿಗ್ಮಂಡ್ ಫ್ರಾಯ್ಡ್!

1890ರ ದಶಕದಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಕಲಾಂದ್ರೂಚ್ಚೊ ಎಂಬ ಇಬ್ಬರು ವಿಜ್ಞಾನಿಗಳು ಒಂದು ಗಂಟು ಬಿಡಿಸಿದರು. ಸಮುದ್ರದಲ್ಲಿ ಸಿಗುತ್ತಿದ್ದ, ಎಲೆಯಂತೆ ಚಪ್ಪಟೆಯಾದ, ಆಚೆಯದು ಕಾಣುವಷ್ಟು ತೆಳುವಾದ ಒಂದು ಜೀವಿಯನ್ನು ಅಲ್ಲಿಯವರೆಗೆ ಬೇರೆಯೇ ಮೀನೆಂದು ತಿಳಿದಿದ್ದರು. ಅದು ಹಾವುಮೀನಿನ ಮರಿ ಎಂದು ಇವರು ತೋರಿಸಿದರು. ಬಳಿಕ ಡೆನ್ಮಾರ್ಕಿನ ಯೋಹಾನೆಸ್ ಷ್ಮಿಟ್ ಹಡಗು ಹತ್ತಿದ. 1904ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಅಂಥ ಮರಿಯೊಂದು ಅವನ ಬಲೆಗೆ ಬಿತ್ತು. ಮರಿಗಳು ಎಲ್ಲಿ ಅತ್ಯಂತ ಚಿಕ್ಕದಾಗಿವೆಯೋ ಅದೇ ಹುಟ್ಟಿದ ಜಾಗ, ಅಲ್ಲವೇ? ಈ ಸರಳ ಲೆಕ್ಕ ಹಿಡಿದು ಅವನು ಸುಮಾರು ಇಪ್ಪತ್ತು ವರ್ಷ ಸಮುದ್ರ ಜಾಲಾಡಿದ. ಕೊನೆಗೆ ಯುರೋಪಿನ ಹಾವುಮೀನಿನ ತವರು ಅಮೆರಿಕಕ್ಕೆ ಹತ್ತಿರದ ಸಾರ್ಗಾಸೊ ಸಮುದ್ರ ಎಂದು 1920ರ ದಶಕದ ಆರಂಭದಲ್ಲಿ ಸಾರಿದ. ದೊಡ್ಡ ಹಾವುಮೀನುಗಳು ಅಲ್ಲಿಗೆ ತಲುಪುವುದನ್ನು ಉಪಗ್ರಹದ ಪಟ್ಟಿ ಕಟ್ಟಿ ನೇರವಾಗಿ ತೋರಿಸಿದ ಅಧ್ಯಯನ ಪ್ರಕಟವಾದದ್ದು ಮಾತ್ರ 2022ರಲ್ಲಿ. ನಡುವೆ ನೂರು ವರ್ಷ!

ಜಪಾನಿನ ಹಾವುಮೀನಿನ ವಿಷಯದಲ್ಲಿ ಕತ್ಸುಮಿ ತ್ಸುಕಮೊತೊ ಅವರ ತಂಡ 1991ರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಪಶ್ಚಿಮಕ್ಕೆ ಪುಟ್ಟ ಮರಿಗಳನ್ನು ಕಂಡಿತು. 2009ರಲ್ಲಿ ಅದೇ ಭಾಗದಲ್ಲಿ ಮೊಟ್ಟೆಗಳೇ ಸಿಕ್ಕವು.

ನಮ್ಮ ಅಹೀರ್? 1928ರಿಂದ 30ರವರೆಗೆ ಡೆನ್ಮಾರ್ಕಿನ 'ಡಾನಾ' ಎಂಬ ಹಡಗು ಪ್ರಪಂಚ ಸುತ್ತಿತು. ಆಗ ಹಿಂದೂ ಮಹಾಸಾಗರದಲ್ಲಿ ಸಂಗ್ರಹಿಸಿದ ಮರಿಗಳ ಆಧಾರದ ಮೇಲೆ, ಸುಮಾತ್ರಾ ದ್ವೀಪದ ಪಶ್ಚಿಮಕ್ಕಿರುವ ಆಳವಾದ ನೀರೇ ನಮ್ಮ ಕಡೆಯ ಹಾವುಮೀನುಗಳ ತವರಿರಬೇಕು ಎಂಬ ಅಭಿಪ್ರಾಯ ಬಂತು. ಅವು ಮೊಟ್ಟೆ ಇಡುವುದನ್ನು ಸಾಗರದಲ್ಲಿ ಕಣ್ಣಾರೆ ಕಂಡವರು ಇಂದಿಗೂ ಇಲ್ಲ.

ಐದು ವೇಷ, ಒಂದು ಜೀವ

ಹಾವುಮೀನಿನ ಬಾಳು ಯಕ್ಷಗಾನದ ವೇಷಗಳಂತೆ. ಒಂದು ಕಳಚಿ ಇನ್ನೊಂದು.

ಆಳ ಸಮುದ್ರದಲ್ಲಿ ಮೊಟ್ಟೆ ಒಡೆದು ಬರುವ ಮರಿಯದು ಎಲೆಯ ವೇಷ. ಈಜುವ ಕಸುವಿಲ್ಲ, ಪ್ರವಾಹ ಒಯ್ದತ್ತ ತಿಂಗಳುಗಟ್ಟಲೆ ತೇಲುತ್ತದೆ. ಕರಾವಳಿ ಹತ್ತಿರವಾದಾಗ ಎಲೆ ಸುರುಟಿಕೊಂಡು ಕಡ್ಡಿಯಾಗುತ್ತದೆ. ಇದು ಗಾಜಿನ ವೇಷ. ಬೆರಳುದ್ದದ ಪಾರದರ್ಶಕ ಮರಿ, ಎರಡು ಕಪ್ಪು ಚುಕ್ಕೆಗಳಂಥ ಕಣ್ಣು. ನದೀಮುಖದ ಸಿಹಿನೀರು ಸೇರಿ ಬಣ್ಣ ಬಂದಾಗ ಮೂರನೆಯ ವೇಷ. ಆಗ ಅದಕ್ಕೆ ಮೇಲೇರುವ ಹುಚ್ಚು. ಒದ್ದೆ ಬಂಡೆ, ಪಾಚಿಗಟ್ಟಿದ ಗೋಡೆಯನ್ನೂ ಮೈ ಅಂಟಿಸಿಕೊಂಡು ಹತ್ತಬಲ್ಲದು. ನಾಲ್ಕನೆಯದು ನದಿಯಲ್ಲಿ ನೆಲೆ ನಿಂತ ಕಂದು-ಹಳದಿ ವೇಷ. ಸೀಗಡಿ, ಏಡಿ, ಸಣ್ಣ ಮೀನು ತಿಂದುಕೊಂಡು ವರ್ಷಗಟ್ಟಲೆ ಇರುತ್ತದೆ.

ಕೊನೆಯದು ಬೆಳ್ಳಿಯ ವೇಷ. ಒಂದು ಮಳೆಗಾಲ ಅದರೊಳಗೆ ಏನೋ ಬದಲಾಗುತ್ತದೆ. ಹೊಟ್ಟೆ ಬೆಳ್ಳಗಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಕರುಳು ಕುಗ್ಗುತ್ತದೆ. ಊಟ ನಿಲ್ಲಿಸಿಬಿಡುತ್ತದೆ. ಹೊಳೆ ಕೆಂಪಾಗಿ ಉಕ್ಕುವ ಕತ್ತಲ ರಾತ್ರಿಯಲ್ಲಿ ಕೆಳಮುಖವಾಗಿ ಹೊರಡುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ದಾರಿಯ ಬುತ್ತಿ. ಸಾಗರ ಸೇರಿ, ತವರು ಮುಟ್ಟಿ, ಒಮ್ಮೆ ಮೊಟ್ಟೆ ಇಟ್ಟು ಸಾಯುತ್ತದೆ. ಎರಡನೆಯ ಅವಕಾಶ ಇಲ್ಲ.

ಬಂಗಾಳಿಗಳ ಪ್ರೀತಿಯ ಹಿಲ್ಸಾ ಮೀನನ್ನು ನೀವು ಬಲ್ಲಿರಿ. ಅದೂ ಸಮುದ್ರ ಮತ್ತು ನದಿಯ ನಡುವೆ ಓಡಾಡುತ್ತದೆ, ಆದರೆ ತಿರುಗುಮುರುಗು. ಹಿಲ್ಸಾ ಸಮುದ್ರದಲ್ಲಿ ಬೆಳೆದು ಬಾಣಂತನಕ್ಕೆ ನದಿಗೆ ಬರುತ್ತದೆ. ಹಾವುಮೀನು ನದಿಯಲ್ಲಿ ಬೆಳೆದು ಬಾಣಂತನಕ್ಕೆ ಸಮುದ್ರಕ್ಕೆ ಹೋಗುತ್ತದೆ.

ಇನ್ನೊಂದು ಮಾತು ಗಮನಿಸಿ. ಈ ಕುಲದ ಮೀನುಗಳಲ್ಲಿ ಗಂಡೋ ಹೆಣ್ಣೋ ಎಂಬುದು ಹುಟ್ಟುವಾಗಲೇ ತೀರ್ಮಾನವಾಗಿರುವುದಿಲ್ಲ. ಬೆಳೆಯುವ ಪರಿಸರ ಅದನ್ನು ನಿರ್ಧರಿಸುತ್ತದೆ. ಯುರೋಪು ಅಮೆರಿಕಗಳ ಹಾವುಮೀನುಗಳಲ್ಲಿ ಕಂಡಿರುವಂತೆ ನದಿಯ ಮೇಲ್ಭಾಗದ ತನಕ ಏರಿದವು ಹೆಚ್ಚಾಗಿ ಹೆಣ್ಣುಗಳಾಗುತ್ತವೆ, ದೊಡ್ಡದಾಗಿಯೂ ಬೆಳೆಯುತ್ತವೆ. ದೊಡ್ಡ ತಾಯಿಗೆ ಲಕ್ಷಾಂತರ ಮೊಟ್ಟೆ. ಆದ್ದರಿಂದ ಮೇಲಣ ಹೊಳೆಯ ದಾರಿ ಕಟ್ಟಿದರೆ ನಷ್ಟ ಆ ಹೊಳೆಗಷ್ಟೇ ಅಲ್ಲ. ಇಡೀ ಕುಲದ ತಾಯಂದಿರ ಸಂಖ್ಯೆಗೇ ಪೆಟ್ಟು.

ಮೌದಾಕ್ಕೆ ಬರುವ ದಾರಿ

ಈಗ ಭೂಪಟ ಬಿಚ್ಚಿ. ಬಂಗಾಳ ಕೊಲ್ಲಿಯಿಂದ ಒಂದು ಬೆರಳುದ್ದದ ಮರಿಯ ಜೊತೆ ನಾವೂ ಮೇಲಕ್ಕೆ ಹೊರಡೋಣ.

ರಾಜಮಹೇಂದ್ರಿಯ ಬಳಿ ಮೊದಲ ತಡೆ ಧವಳೇಶ್ವರಂ. ಅಲ್ಲಿ ಗೋದಾವರಿಗೆ ಸರ್ ಆರ್ಥರ್ ಕಾಟನ್ ಒಡ್ಡು ಕಟ್ಟಿಸಿದ್ದು 1847ರಿಂದ 1852ರ ನಡುವೆ. ಇಂದು ಅಲ್ಲಿರುವುದು ಅವನ ಹೆಸರಿನ ಹೊಸ ಬ್ಯಾರೇಜು. ಕಾಟನ್‌ನ ಒಡ್ಡು ಲಕ್ಷಾಂತರ ಎಕರೆಗೆ ನೀರುಣಿಸಿತು. ಗೋದಾವರಿ ಸೀಮೆಯ ರೈತರು ಅವನನ್ನು ಇಂದಿಗೂ ನೆನೆಯುತ್ತಾರೆ. ಆದರೆ ಅದೇ ಶತಮಾನದಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ-ಮೀನುತಜ್ಞ ದೇಶದ ಒಳನಾಡು ಮೀನುಗಾರಿಕೆಯ ಬಗ್ಗೆ 1873ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಾಗ, ನದಿಗೆ ಅಡ್ಡ ಕಟ್ಟಿದ ಒಡ್ಡುಗಳು ಮೀನಿನ ಏರುದಾರಿಯನ್ನು ತಡೆಯುತ್ತಿವೆ ಎಂದು ಎಚ್ಚರಿಸಿದ್ದ. ನೂರೈವತ್ತು ವರ್ಷಗಳ ಹಳೆಯ ಎಚ್ಚರಿಕೆ ಇದು.

ಅಲ್ಲಿಂದ ಮೇಲೆ ಪೋಲಾವರಂ. ಕಟ್ಟುವ ಕೆಲಸ ಇನ್ನೂ ಮುಗಿಯಬೇಕಿರುವ ಈ ಅಣೆಕಟ್ಟಿನಲ್ಲಿ, 'ಪುಲಸ' ಎಂದು ಆಂಧ್ರದವರು ಕರೆಯುವ ಹಿಲ್ಸಾ ಮೀನಿಗಾಗಿ ಮೀನಿನ ಮೆಟ್ಟಿಲನ್ನೂ ಸೇರಿಸಿದ್ದಾರೆ. ಒಳ್ಳೆಯ ಸುದ್ದಿಯೇ. ಅದನ್ನು ದಾಟಿ ದುಮ್ಮುಗೂಡೆಂ, ಮತ್ತೂ ಮೇಲೆ ಮೇಡಿಗಡ್ಡ. 2019ರಲ್ಲಿ ಉದ್ಘಾಟನೆಯಾಗಿ, 2023ರ ಅಕ್ಟೋಬರಿನಲ್ಲಿ ಕಂಬಗಳು ಕುಸಿದು ದೇಶಕ್ಕೆಲ್ಲ ಸುದ್ದಿಯಾದ ಬ್ಯಾರೇಜು ಇದೇ. ಮುಂದೆ ಕಾಳೇಶ್ವರದ ಸಂಗಮ. ಇಲ್ಲಿ ಮರಿ ಗೋದಾವರಿಯನ್ನು ಬಿಟ್ಟು ಬಲಕ್ಕೆ ಹೊರಳಿ ಪ್ರಾಣಹಿತಾ ನದಿಯನ್ನು ಹಿಡಿಯಬೇಕು. 113 ಕಿ.ಮೀ. ಉದ್ದದ ಪ್ರಾಣಹಿತಾ ಹುಟ್ಟುವುದು ವರ್ಧಾ ಮತ್ತು ವೈನ್‌ಗಂಗಾ ಕೂಡುವಲ್ಲಿ. ಅಲ್ಲಿಂದ ವೈನ್‌ಗಂಗೆಯಲ್ಲಿ ಏರುತ್ತ ಗಡ್‌ಚಿರೋಲಿಯ ಕಾಡುಸೀಮೆ ದಾಟಿದರೆ ಭಂಡಾರಾ ಜಿಲ್ಲೆಯ ಪವನಿ ತಾಲ್ಲೂಕು. ಎದುರಿಗೆ ಗೋಸಿಖುರ್ದ್.

1988ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದ, 2009ರಲ್ಲಿ ರಾಷ್ಟ್ರೀಯ ಯೋಜನೆ ಎಂದು ಘೋಷಣೆಯಾದ, 33 ಗೇಟುಗಳ ಅಣೆಕಟ್ಟು ಇದು. ಇದರ ಹಿನ್ನೀರು ಅಂಭೋರಾದ ತನಕ ಚಾಚಿದೆ. ಅಂಭೋರಾದಲ್ಲಿ ಕನ್ಹಾನ್ ವೈನ್‌ಗಂಗೆಯನ್ನು ಸೇರುತ್ತದೆ. ಆ ಕನ್ಹಾನಿನಲ್ಲಿ ಇನ್ನಷ್ಟು ದೂರ ಏರಿದರೆ, ಬಂತು ನೋಡಿ ಮೌದಾ!

ಅಬ್ಬಾ ಎನಿಸಿತೇ? ಬೆರಳುದ್ದದ ಆ ಮರಿಯನ್ನೊಮ್ಮೆ ನೆನೆಯಿರಿ. ಸಾಗರದಲ್ಲಿ ತೇಲಿದ ದೂರ ಬೇರೆ, ನದಿಯಲ್ಲಿ ಏರಿದ ನೂರಾರು ಕಿಲೋಮೀಟರ್ ಬೇರೆ.

ಈ ಒಡ್ಡುಗಳನ್ನೆಲ್ಲ ಒಡೆದು ಹಾಕಿ ಎಂದು ಯಾರೂ ಹೇಳಲಾರರು. ಮೌದಾದ ವಿದ್ಯುತ್ ಸ್ಥಾವರಕ್ಕೆ ನೀರು ಬರುವುದೇ ಗೋಸಿಖುರ್ದ್ ಜಲಾಶಯದಿಂದ. ವಿದರ್ಭದ ರೈತರ ಕಷ್ಟ ನಮಗೆಲ್ಲ ತಿಳಿದದ್ದೇ; ಅವರಿಗೆ ಕಾಲುವೆಯ ನೀರು ಬೇಕೇ ಬೇಕು. ಆದರೆ ನದಿಯನ್ನು ನಂಬಿ ಬದುಕಿದವರು ರೈತರಷ್ಟೇ ಅಲ್ಲ. ಇಲ್ಲಿ ಧೀವರ ಸಮುದಾಯದವರು ತಲೆತಲಾಂತರದಿಂದ ಮೀನು ಹಿಡಿಯುತ್ತ ಬಂದಿದ್ದಾರೆ. ನಮ್ಮ ಬೆಸ್ತರು, ಅಂಬಿಗರು, ಗಂಗಾಮತಸ್ಥರು ಇದ್ದಂತೆಯೇ ಇವರು. ಜಲಾಶಯದಲ್ಲಿ ಬಿತ್ತಿದ ಕಟ್ಲಾ, ರೋಹು ಸಿಗುತ್ತವೆ. ಅವು ಕೆರೆಯಲ್ಲಿ ಸಾಕುವ ಮೀನುಗಳು, ಮರಿಗಳನ್ನು ಲಾರಿಯಲ್ಲಿ ತಂದು ಬಿಡಬಹುದು. ಸಮುದ್ರದಿಂದ ತಾನೇ ಬರಬೇಕಾದ ಅಹೀರ್ ಹಾಗಲ್ಲ. ದಾರಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದೇ ವರ್ಷದಲ್ಲಿ ಅದು ಮಾಯವಾಗುವುದೂ ಇಲ್ಲ. ಹಳೆಯವು ಮಡುಗಳಲ್ಲಿ ಹತ್ತಾರು ವರ್ಷ ಬದುಕಿರುತ್ತವೆ, ಹೊಸವು ಬರುವುದಿಲ್ಲ. ಮಕ್ಕಳೆಲ್ಲ ಪಟ್ಟಣ ಸೇರಿ ಮುದುಕರಷ್ಟೇ ಉಳಿದ ಹಳ್ಳಿಯ ಹಾಗೆ, ಖಾಲಿಯಾದದ್ದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಗೋಡೆಗೊಂದು ಏಣಿ

ಸಂತೋಷದ ಸಂಗತಿ ಎಂದರೆ ಹಾವುಮೀನಿಗೆ ದಾರಿ ಮಾಡಿಕೊಡುವುದು ಬಹಳ ಖರ್ಚಿನ ಕೆಲಸವಲ್ಲ. ಹಾರುವ ಮೀನಿಗೆ ದೊಡ್ಡ ಮೆಟ್ಟಿಲು ಬೇಕು. ಹಾವುಮೀನಿನ ಮರಿಗೆ ಇಳಿಜಾರಾದ ಒಂದು ತೊಟ್ಟಿ, ಅದರ ತಳಕ್ಕೆ ಬ್ರಷ್ಷಿನಂಥ ಕೂದಲು, ಮೇಲಿಂದ ಸಣ್ಣಗೆ ಜಿನುಗುವ ನೀರು ಇದ್ದರೆ ಸಾಕು. ಬ್ರಷ್ಷಿನ ಎಳೆಗಳ ನಡುವೆ ನುಸುಳಿ ಹತ್ತಿಬಿಡುತ್ತದೆ. ಯುರೋಪು, ಕೆನಡಾ, ನ್ಯೂಜಿಲೆಂಡುಗಳಲ್ಲಿ ಇಂಥ ಏಣಿಗಳಿವೆ. ನ್ಯೂಜಿಲೆಂಡಿನಲ್ಲಿ ಮೋರಿಗಳಿಗೆ ಒರಟು ಹಗ್ಗ ಇಳಿಬಿಡುವುದೂ ಉಂಟು. ಮರಿಗಳನ್ನು ಅಣೆಕಟ್ಟಿನ ಬುಡದಲ್ಲಿ ಹಿಡಿದು ವಾಹನದಲ್ಲಿ ಮೇಲಕ್ಕೆ ಸಾಗಿಸುವ ಕೆಲಸವೂ ಅಲ್ಲಿ ನಡೆಯುತ್ತದೆ. ಅಲ್ಲಿನ ಮಾವೊರಿ ಜನರಿಗೆ ಹಾವುಮೀನು ಹಿರಿಯರ ಕಾಲದ ಆಸ್ತಿ.

ಏರುವುದು ಸುಲಭ, ಇಳಿಯುವುದು ಕಷ್ಟ. ಬೆಳ್ಳಿಯ ವೇಷದ ದೊಡ್ಡ ಮೀನು ನೀರಿನ ಸೆಳೆತವನ್ನು ನಂಬಿ ಕೆಳಗೆ ಬರುತ್ತದೆ. ಸೆಳೆತ ವಿದ್ಯುತ್ ಯಂತ್ರದ ಬಾಯಿಗೆ ಒಯ್ದರೆ ಉದ್ದ ಮೈ ಚಕ್ರಕ್ಕೆ ಸಿಕ್ಕಿ ತುಂಡಾಗುತ್ತದೆ. ಅದಕ್ಕೆ ಯಂತ್ರದ ಬಾಯಿಗೆ ಸಣ್ಣ ಕಿಂಡಿಯ ಜಾಲರಿ ಹಾಕುತ್ತಾರೆ, ವಲಸೆಯ ರಾತ್ರಿಗಳಲ್ಲಿ ಗೇಟು ತೆರೆದಿಡುತ್ತಾರೆ. ಯುರೋಪ್ ಒಕ್ಕೂಟವಂತೂ 2007ರಲ್ಲಿ ಇದಕ್ಕಾಗಿಯೇ ಕಾನೂನು ತಂದಿತು. ಮನುಷ್ಯರ ಕಾಟ ಇಲ್ಲದಿದ್ದರೆ ಎಷ್ಟು ಹಾವುಮೀನುಗಳು ಸಮುದ್ರಕ್ಕೆ ಮರಳುತ್ತಿದ್ದವೋ ಅದರ ಶೇ. 40ರಷ್ಟಾದರೂ ಮರಳಬೇಕು ಎಂಬುದು ಅದರ ಗುರಿ. ಯುರೋಪಿನ ಹಾವುಮೀನು ಇಂದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಅಹೀರ್ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 'ಅಪಾಯಕ್ಕೆ ಸಮೀಪ' ಎಂಬ ಮೆಟ್ಟಿಲಿನಲ್ಲಿದೆ. ಅಂದರೆ ನಮಗೆ ಇನ್ನೂ ಸಮಯವಿದೆ.

ತಟ್ಟೆಗೆ ಬಂದಾಗ

ಈಗ ಊಟದ ಮಾತು. ಹಾವುಮೀನು ಕೊಬ್ಬಿನ ಮೀನು, ಎ ಜೀವಸತ್ವ ಹೇರಳ. ಊರಿನ ಹೆಂಗಸರಿಗೆ ಇದನ್ನು ಶುಚಿ ಮಾಡುವ ಉಪಾಯ ಗೊತ್ತು: ಒಲೆಯ ಬೂದಿ ಅಥವಾ ಕಲ್ಲುಪ್ಪು ಹಾಕಿ ತಿಕ್ಕಿದರೆ ಲೋಳೆ ಬಿಡುತ್ತದೆ, ಹಿಡಿತವೂ ಸಿಗುತ್ತದೆ. ಆಮೇಲೆ ಹುಣಸೆ, ಖಾರ, ಬೆಳ್ಳುಳ್ಳಿ ಬಿದ್ದ ಗಟ್ಟಿ ಸಾರು. ಒಂದು ಎಚ್ಚರಿಕೆ: ಇದರ ಹಸಿ ರಕ್ತದಲ್ಲಿ ವಿಷದ ಅಂಶವಿದೆ. ಕಣ್ಣಿಗೆ, ಗಾಯಕ್ಕೆ ತಾಗಿಸಬೇಡಿ. ಚೆನ್ನಾಗಿ ಬೇಯಿಸಿದರೆ ಆ ವಿಷ ನಾಶವಾಗುತ್ತದೆ. ಹಸಿಮೀನು ತಿನ್ನುವ ಜಪಾನೀಯರೂ ಇದನ್ನು ಸಾಮಾನ್ಯವಾಗಿ ಬೇಯಿಸಿಯೇ ತಿನ್ನುತ್ತಾರೆ.

ಇನ್ನೊಂದು ವಿಷಯ, ನೀರು ಯಾವುದು ಎಂದು ನೋಡಬೇಕು. ನಾಗಪುರದ ಕೊಳಚೆಯನ್ನೆಲ್ಲ ಹೊತ್ತ ನಾಗ್ ನದಿ ಕೊನೆಗೆ ಸೇರುವುದು ಕನ್ಹಾನನ್ನೇ. ತಳದಲ್ಲಿ ಬಹುಕಾಲ ಬದುಕುವ ಕೊಬ್ಬಿನ ಮೀನಿನ ಮೈಯಲ್ಲಿ ನೀರಿನ ವಿಷಗಳು ಸೇರಿಕೊಳ್ಳುವುದು ಹೆಚ್ಚು.

ಜಪಾನಿನಲ್ಲಿ ಬೇಸಿಗೆಯ ಒಂದು ನಿಗದಿತ ದಿನ ಹಾವುಮೀನು ತಿನ್ನುವುದು ಹಬ್ಬದಂತೆ. ಸೀಳಿ, ಸಿಹಿ ಸೋಯಾ ರಸ ಸವರಿ, ಕೆಂಡದ ಮೇಲೆ ಸುಟ್ಟು, ಅನ್ನದ ಮೇಲಿಟ್ಟು ಬಡಿಸುತ್ತಾರೆ. ನಮ್ಮ ಮಹಾನಗರಗಳ ಜಪಾನಿ ಹೋಟೆಲುಗಳ ಪಟ್ಟಿಯಲ್ಲಿ ಕಾಣುವ 'ಉನಾಗಿ' ಇದೇ. ಅಷ್ಟೊಂದು ಮೀನು ಸಾಕಣೆಯಿಂದ ಬರುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಸಾಕುವ ಮರಿಗಳನ್ನು ಹಿಡಿಯುವುದು ಮತ್ತೆ ನದೀಮುಖದಿಂದಲೇ! 2010ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆದ ಹಾವುಮೀನಿನಿಂದಲೇ ಮುಂದಿನ ಪೀಳಿಗೆಯ ಮರಿ ಮಾಡಿಸಿದರು, ಆದರೆ ಸಾಕಣೆಯ ಹೊಂಡಗಳು ಇಂದಿಗೂ ನಿಂತಿರುವುದು ಸಮುದ್ರದಿಂದ ಹಿಡಿದ ಮರಿಗಳ ಮೇಲೆ. ಜಪಾನಿನ ಹಾವುಮೀನು 2014ರಲ್ಲಿ ಅಪಾಯದ ಪಟ್ಟಿ ಸೇರಿತು. ಯುರೋಪ್ ಒಕ್ಕೂಟ 2010ರಿಂದ ಹೊರದೇಶಗಳಿಗೆ ತನ್ನ ಹಾವುಮೀನಿನ ರಫ್ತು ನಿಲ್ಲಿಸಿತು. ಮರಿಗಳ ಕಳ್ಳಸಾಗಣೆ ಆಮೇಲೂ ನಿಲ್ಲಲಿಲ್ಲ.

ಅಂದರೆ ತಿನ್ನುವವರೇ ತಪ್ಪಿತಸ್ಥರೇ? ಹಾಗಲ್ಲ. ನಮ್ಮ ಹೊಳೆಯಂಚಿನ ಕುಟುಂಬ ಗಾಳ ಹಾಕಿ ಹಿಡಿದು ತಿಂದ ಒಂದೆರಡು ಮೀನಿನಿಂದ ಕುಲ ಅಳಿಯುವುದಿಲ್ಲ. ಹಾಗಿದ್ದರೆ ಸಾವಿರ ವರ್ಷದ ಹಿಂದೆಯೇ ಅಳಿಯಬೇಕಿತ್ತು. ಅಳಿಸುವುದು ದಾರಿ ಕಟ್ಟಿದ ಗೋಡೆ, ನೀರಿಗೆ ಸುರಿದ ಕೊಳಚೆ ಮತ್ತು ಮಡುವಿಗೆ ಎಸೆದ ಸಿಡಿಮದ್ದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿದೆ. ಕಲ್ಲಿನ ಸಂದಿಯಲ್ಲಿ ಅಡಗುವ ಹಾವುಮೀನಿಗೆ ಆ ಸ್ಫೋಟದಿಂದ ತಪ್ಪಿಸಿಕೊಳ್ಳುವ ಬಗೆ ಇಲ್ಲ.

ನಾವು ಮಾಡಬಹುದಾದದ್ದು

ಹಾಗಾದರೆ ಮಹಾನಗರದಲ್ಲಿ ಕುಳಿತ ನಾವೇನು ಮಾಡಬಹುದು? ಮೊದಲನೆಯದು, ಹೆಸರು ಕೇಳಿ ಕೊಳ್ಳುವುದು. ಬೆನ್ನಿಗೆ ಮುಳ್ಳಿದೆಯೇ, ಸಮುದ್ರದ್ದೇ, ನದಿಯದ್ದೇ ಎಂದು ವಿಚಾರಿಸಿ. ಮಳೆಗಾಲದ ಮೊದಲ ನೆರೆಗಳಲ್ಲಿ ನದಿಯ ದೊಡ್ಡ ಅಹೀರ್ ಮಾರಾಟಕ್ಕೆ ಬಂದರೆ ಅದು ತವರಿಗೆ ಹೊರಟ ತಾಯಿ ಇರಬಹುದು. ಆ ಕೆಲವು ವಾರ ಬೇರೆ ಮೀನು ಸಾಕು ಎನ್ನಿ.

ಎರಡನೆಯದು, ಅಣೆಕಟ್ಟಿನ ಸುದ್ದಿ ಓದುವಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳುವುದು: ಇದರಲ್ಲಿ ಮೀನಿಗೆ ದಾರಿ ಇಟ್ಟಿದ್ದಾರೆಯೇ? ನಮ್ಮ ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಮಡುವಿನ ಮೀನನ್ನು ಯಾರೂ ಹಿಡಿಯುವುದಿಲ್ಲ. ಒಂದು ಮಡುವನ್ನು ಕಾಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಊರಲ್ಲೇ ಇರುವ ಮೀನಿಗೆ ಅಷ್ಟು ಸಾಕು. ಸಮುದ್ರಕ್ಕೆ ಹೋಗಿ ಬರಬೇಕಾದ ಮೀನಿಗೆ ಮಡು ಕಾದರೆ ಸಾಲದು, ದಾರಿಯನ್ನೂ ಕಾಯಬೇಕು. ದಾರಿ ಕಾಯುವುದೆಂದರೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರ ಮೂರೂ ಸೇರಿ ಮಾಡಬೇಕಾದ ಕೆಲಸ. ಮೌದಾದ ಮೀನಿನ ಭವಿಷ್ಯ ಧವಳೇಶ್ವರದ ಗೇಟಿನಲ್ಲಿದೆ. ನಮ್ಮ ಕೃಷ್ಣಾ, ಕಾವೇರಿಯ ಹಾವುಮೀನಿನ ಭವಿಷ್ಯವೂ ಹೀಗೆಯೇ ಕೆಳಗಿನ ರಾಜ್ಯಗಳ ಒಡ್ಡುಗಳಲ್ಲಿದೆ. ನೀರು ಹಂಚಿಕೊಳ್ಳಲು ಇಷ್ಟು ವರ್ಷ ಜಗಳವಾಡಿದ್ದೇವೆ. ಮೀನಿನ ದಾರಿಗಾಗಿ ಒಮ್ಮೆ ಕೂತು ಮಾತಾಡಿದರೆ ಯಾರೂ ಒಂದು ಹನಿಯನ್ನೂ ಕಳೆದುಕೊಳ್ಳುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಸುಲಭ. ಮುಂದಿನ ಸಲ ಊರಿಗೆ ಹೋದಾಗ, ಹೊಳೆ ಕಂಡ ಹಿರಿಯರನ್ನು ಕೇಳಿ. ನಿಮ್ಮ ಹೊಳೆಯಲ್ಲಿ ಹಾವುಮೀನು ಇತ್ತೇ? ಬೆನ್ನಿಗೆ ಮುಳ್ಳಿದ್ದದ್ದೋ, ಇಲ್ಲದ್ದೋ? ಏನೆಂದು ಕರೆಯುತ್ತಿದ್ದರು? ಕಡೆಯ ಬಾರಿ ಕಂಡದ್ದು ಯಾವಾಗ? ಭೀಮಾ ತೀರದವರು, ತುಂಗಭದ್ರೆಯವರು, ನೇತ್ರಾವತಿಯವರು, ಕಾಸರಗೋಡಿನ ಚಂದ್ರಗಿರಿ ಹೊಳೆಯವರು, ಎಲ್ಲರೂ ಕೇಳಿ ನಮಗೆ ಬರೆಯಿರಿ. ಬಂದ ಹೆಸರುಗಳನ್ನು, ನೆನಪುಗಳನ್ನು ನಮ್ಮ ಕನ್ನಡ ವೇಳೆಯಲ್ಲಿ ಓದುತ್ತೇವೆ. ಮೀನು ಎಲ್ಲೆಲ್ಲಿ ಇತ್ತು ಎಂಬುದು ತಿಳಿದರೆ ತಾನೇ, ಎಲ್ಲೆಲ್ಲಿಗೆ ಅದು ಮತ್ತೆ ಬರಬೇಕು ಎಂದು ಕೇಳಲು ಸಾಧ್ಯ?

ನಿಮ್ಮ ಪತ್ರಗಳಿಗಾಗಿ ಕಾಯುತ್ತಿರುತ್ತೇವೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ಕೇಳುತ್ತಿರಿ.